ನಕಲಿ ತಂತ್ರಾಂಶದ ಬೆಲೆ ತೆರುವವರು ಯಾರು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ ಕೊನೆಗೊಂಡಿತು. ಅದಾಗಿ ಕೆಲವೇ ವಾರಗಳಲ್ಲಿ, ಪರವಾನಗಿ ಇಲ್ಲದ ವಿಂಡೋಸನ್ನು ಪರವಾನಗಿ ಪಡೆದಂತೆ ತೋರಿಸುತ್ತಿದ್ದ ‘ಕೆಎಂಎಸ್38’ ಎಂಬ ಹಳೆಯ ಅಡ್ಡದಾರಿಯನ್ನು ವಿಂಡೋಸ್ 11ರ ಹೊಸ ಅಪ್‌ಡೇಟ್ ಮುಚ್ಚಿಹಾಕಿತು. ಎರಡೂ ಸುದ್ದಿ ಬೆನ್ನುಬೆನ್ನಿಗೆ ಬಂದುದರಿಂದ ಬಳಕೆದಾರರಲ್ಲಿ ಗೊಂದಲ ಹೆಚ್ಚಿತು. ಹಳೆಯ ಕಂಪ್ಯೂಟರ್ ಕೆಲಸ ನಿಲ್ಲಿಸುತ್ತದೆಯೇ, ಅಂಗಡಿಯವರು ಹಾಕಿಕೊಟ್ಟ ವಿಂಡೋಸ್ ಅಸಲಿಯೋ ನಕಲಿಯೋ, ನಕಲಿಯಾದರೆ ಪೊಲೀಸರು ಬರುತ್ತಾರೆಯೇ ಎಂಬ ಪ್ರಶ್ನೆಗಳು ಎದ್ದವು.

ಮೊದಲ ಪ್ರಶ್ನೆಗೆ ಉತ್ತರ ಸರಳ. ವಿಂಡೋಸ್ 10 ಇರುವ ಕಂಪ್ಯೂಟರ್ ಎಂದಿನಂತೆ ತೆರೆದುಕೊಳ್ಳುತ್ತದೆ, ಕಡತಗಳೂ ಹಾಗೆಯೇ ಇರುತ್ತವೆ. ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದು ಮಾತ್ರ ನಿಲ್ಲುತ್ತದೆ. ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಆ ಪರಿಹಾರಗಳೂ ಸಿಗುತ್ತವೆ. ಉಳಿದ ಪ್ರಶ್ನೆಗಳು ಇಷ್ಟು ಸುಲಭವಲ್ಲ. ಅವು ತಂತ್ರಾಂಶ ಚೌರ್ಯ ಎಂಬ ನಾಲ್ಕು ದಶಕಗಳಿಗೂ ಹಳೆಯ ಸಮಸ್ಯೆಗೆ ಸೇರಿದವು. ಆ ಸಮಸ್ಯೆಯ ಬಿಸಿ ಯಾರಿಗೆ ತಟ್ಟುತ್ತದೆ ಎಂಬುದನ್ನು ನಾವು ಬಹುಮಟ್ಟಿಗೆ ತಪ್ಪಾಗಿಯೇ ಅರ್ಥಮಾಡಿಕೊಂಡಿದ್ದೇವೆ.

ದುಡ್ಡು ಕೊಟ್ಟು ಪಡೆಯುವುದು ಅನುಮತಿ

ಅಂಗಡಿಯಿಂದ ಒಂದು ಕುರ್ಚಿ ತಂದರೆ ಅದು ನಮ್ಮದು. ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಒಡೆದೂ ಹಾಕಬಹುದು. ತಂತ್ರಾಂಶದ ವಿಷಯದಲ್ಲಿ ನಾವು ಹಣ ಕೊಡುವುದು ಕೆಲವು ಷರತ್ತುಗಳಿಗೆ ಒಳಪಟ್ಟ ಬಳಕೆಯ ಅನುಮತಿಗಾಗಿ. ಆ ಅನುಮತಿಯಲ್ಲೂ ಬಗೆಗಳಿವೆ. ಹೊಸ ಲ್ಯಾಪ್‌ಟಾಪಿನ ಜೊತೆ ಬರುವ ವಿಂಡೋಸ್ ಆ ಯಂತ್ರಕ್ಕೆ ಮಾತ್ರ ಕಟ್ಟುಬಿದ್ದಿರುತ್ತದೆ. ಬಿಡಿಯಾಗಿ ಕೊಂಡ ಪರವಾನಗಿಯನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ದೊಡ್ಡ ಸಂಸ್ಥೆಗಳು ನೂರಾರು ಯಂತ್ರಗಳಿಗೆ ಒಟ್ಟಾಗಿ ಸಗಟು ಪರವಾನಗಿ ಪಡೆಯುತ್ತವೆ.

ಗೊಂದಲ ಹುಟ್ಟುವುದು ಇಲ್ಲಿಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಿಡಿಭಾಗಗಳನ್ನು ಆರಿಸಿ ಕಂಪ್ಯೂಟರ್ ಜೋಡಿಸಿಕೊಳ್ಳುವ ಗ್ರಾಹಕನ ಬಿಲ್ಲಿನಲ್ಲಿ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಮಾನಿಟರ್ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ವಿಂಡೋಸ್‌ಗೆ ಸಾಲೇ ಇರುವುದಿಲ್ಲ. ‘ಓಎಸ್ ಹಾಕಿಕೊಡುತ್ತೇವೆ’ ಎಂಬ ಮಾತು ಜೋಡಣೆಯ ಕೂಲಿಯಲ್ಲೇ ಸೇರಿರುತ್ತದೆ. ಹಾರ್ಡ್‌ವೇರ್‌ಗೆ ವಾರಂಟಿ ಕೇಳುವ ಗ್ರಾಹಕ ಪರವಾನಗಿಯನ್ನು ಕೇಳುವುದಿಲ್ಲ. ಅದೂ ಕೇಳಬೇಕಾದ ವಸ್ತು ಎಂದು ಅವನಿಗೆ ಯಾರೂ ಹೇಳಿಲ್ಲ. ಬಿಡಿ ಪರವಾನಗಿಯ ಅಧಿಕೃತ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿರುವಾಗ, ಮೂವತ್ತು ಸಾವಿರದ ಕಂಪ್ಯೂಟರಿಗೆ ಅದನ್ನು ಸೇರಿಸಿ ಹೇಳುವ ಅಂಗಡಿಯವನು ಪಕ್ಕದ ಅಂಗಡಿಗೆ ಗಿರಾಕಿಯನ್ನು ಬಿಟ್ಟುಕೊಡಬೇಕಾಗುತ್ತದೆ.

ಅಸಲಿ, ನಕಲಿ ಇವೆರಡರ ನಡುವೆ ಮೂರನೆಯ ವರ್ಗವೊಂದಿದೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ‘ಒರಿಜಿನಲ್ ಕೀ’ಗಳಲ್ಲಿ ಅನೇಕವು ಯಾವುದೋ ಸಂಸ್ಥೆಯ ಸಗಟು ಪರವಾನಗಿಯಿಂದ ಒಡೆದು ಮಾರಿದವು. ಅವು ಕೆಲಸ ಮಾಡುತ್ತವೆ, ಕೊಂಡವನಿಗೆ ಬಿಲ್ಲೂ ಸಿಗುತ್ತದೆ. ಆದರೆ ಆ ಅನುಮತಿ ಅವನಿಗೆ ಕೊಟ್ಟದ್ದಲ್ಲ. ಕಂಪನಿ ಆ ಕೀಯನ್ನು ರದ್ದು ಮಾಡಿದ ದಿನ ಹಣ ಕೊಟ್ಟವನೂ ಕದ್ದವನ ಸಾಲಿನಲ್ಲಿ ನಿಲ್ಲುತ್ತಾನೆ.

ಬೀಗ ಏಕೆ ನಿಲ್ಲುವುದಿಲ್ಲ

ತಂತ್ರಾಂಶ ಚೌರ್ಯವನ್ನು ತಡೆಯುವುದು ಕಷ್ಟ ಎನ್ನುವುದಕ್ಕೆ ಮೂಲಕಾರಣ ತಂತ್ರಾಂಶದ ಸ್ವಭಾವದಲ್ಲೇ ಇದೆ. ನಮ್ಮ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂನ ಪ್ರತಿಯೊಂದು ಆದೇಶವನ್ನೂ ನಮ್ಮ ಪ್ರೊಸೆಸರ್ ಓದಲೇಬೇಕು. ಯಂತ್ರ ಓದಬಲ್ಲದ್ದನ್ನು, ಸಾಕಷ್ಟು ತಾಳ್ಮೆ ಮತ್ತು ಪರಿಣತಿ ಇದ್ದರೆ, ಮನುಷ್ಯನೂ ಓದಬಲ್ಲ. ಎಷ್ಟೇ ಜಟಿಲವಾದ ಪರವಾನಗಿ ತಪಾಸಣೆಯಾದರೂ ಕೊನೆಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದು ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಆ ತೀರ್ಮಾನ ಎಲ್ಲಿ ಆಗುತ್ತದೆ ಎಂದು ಪತ್ತೆಹಚ್ಚಿ ಅದನ್ನು ತಿರುಚುವ ಕೆಲಸಕ್ಕೇ ಕ್ರ್ಯಾಕ್ ಎಂದು ಹೆಸರು. ಪೆಟ್ಟಿಗೆ, ಬೀಗ, ಬೀಗದ ಕೈ ಮೂರನ್ನೂ ಒಬ್ಬನ ಮನೆಯಲ್ಲೇ ಇಟ್ಟು ಅವನು ತೆರೆಯಬಾರದೆಂದು ಬಯಸಿದಂತೆ ಇದು. ಅಲ್ಲದೆ ಬೀಗ ಮಾಡುವವರು ಪ್ರತಿ ಬಾರಿಯೂ ಗೆಲ್ಲಬೇಕು, ಒಡೆಯುವವರಲ್ಲಿ ಒಬ್ಬ ಒಂದು ಸಲ ಗೆದ್ದರೆ ಸಾಕು. ಅವನ ಶ್ರಮದ ಫಲ ಖರ್ಚಿಲ್ಲದೆ ಲಕ್ಷಾಂತರ ಜನರಿಗೆ ಹಂಚಿಹೋಗುತ್ತದೆ.

ಈಚೆಗೆ ಮುಚ್ಚಿದ ಅಡ್ಡದಾರಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬಹುದು. ನೂರಾರು ಕಂಪ್ಯೂಟರ್ ಇರುವ ಸಂಸ್ಥೆಯಲ್ಲಿ ಪ್ರತಿ ಯಂತ್ರವೂ ಮೈಕ್ರೋಸಾಫ್ಟ್‌ನ ಬಾಗಿಲು ತಟ್ಟುವುದು ಅನುಕೂಲವಲ್ಲವಾದ್ದರಿಂದ, ಸಂಸ್ಥೆಯೊಳಗಿನ ಒಂದು ಸರ್ವರ್‌ಗೇ ಅನುಮತಿ ನೀಡುವ ಅಧಿಕಾರವನ್ನು ಕೊಡುವ ವ್ಯವಸ್ಥೆ ಇದೆ. ಅದೇ ಕೆಎಂಎಸ್. ಕನಿಷ್ಠ 25 ಯಂತ್ರಗಳು ಸಂಪರ್ಕಿಸಿದ ಮೇಲೆ ಆ ಸರ್ವರ್ ಪ್ರತಿ ಯಂತ್ರಕ್ಕೂ 180 ದಿನಗಳ ಅನುಮತಿ ಕೊಡುತ್ತದೆ. ಯಂತ್ರಗಳು ವಾರಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳುತ್ತಿರುತ್ತವೆ. ದೊಡ್ಡ ಗ್ರಾಹಕರ ಅನುಕೂಲಕ್ಕೆಂದು ತೆರೆದ ಈ ಬಾಗಿಲನ್ನೇ ಕಳ್ಳರು ಬಳಸಿಕೊಂಡರು. ಕಂಪ್ಯೂಟರಿನೊಳಗೇ ಒಂದು ಹುಸಿ ಸರ್ವರನ್ನು ಸೃಷ್ಟಿಸಿ, ಅದರಿಂದ ಅನುಮತಿ ಬಂದಂತೆ ವಿಂಡೋಸನ್ನು ನಂಬಿಸಿದರು. ಕೆಎಂಎಸ್38 ಇನ್ನೊಂದು ಹೆಜ್ಜೆ ಮುಂದೆ ಹೋಗಿ, 180 ದಿನಗಳ ಗಡುವನ್ನು 2038ರ ಜನವರಿ 19ರವರೆಗೆ ಹಿಗ್ಗಿಸಿತು. ಆ ದಿನಾಂಕಕ್ಕೆ ವಿಶೇಷ ಕಾರಣವಿದೆ. 1970ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದ 32 ಬಿಟ್‌ನ ಗಡಿಯಾರದ ಲೆಕ್ಕ ತುಂಬಿಹೋಗುವುದು ಅಂದೇ.

ಬೀಗ ಬಿಗಿಯಾದಷ್ಟೂ ತೊಂದರೆ ಪ್ರಾಮಾಣಿಕ ಗ್ರಾಹಕನಿಗೆ ಹೆಚ್ಚುತ್ತದೆ. ಹಿಂದೆ ಕೆಲವು ದುಬಾರಿ ತಂತ್ರಾಂಶಗಳ ಜೊತೆ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಡಾಂಗಲ್ ಬರುತ್ತಿತ್ತು. ಅದು ಕಳೆದುಹೋದರೆ, ಅಥವಾ ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲದಿದ್ದರೆ, ಹಣ ಕೊಟ್ಟವನ ಕೆಲಸ ನಿಲ್ಲುತ್ತಿತ್ತು. ಕ್ರ್ಯಾಕ್ ಮಾಡಿದ ಪ್ರತಿ ಮಾತ್ರ ಡಾಂಗಲ್ ಕೇಳದೆ ಓಡುತ್ತಿತ್ತು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಅಸಲಿತನ ತಪಾಸಣೆಯ ಸರ್ವರ್‌ಗಳಲ್ಲಿ ದೋಷ ಕಾಣಿಸಿಕೊಂಡಾಗ, ಸಾವಿರಾರು ಅಸಲಿ ವಿಂಡೋಸ್ ಪ್ರತಿಗಳು ನಕಲಿ ಎಂಬ ಹಣೆಪಟ್ಟಿ ಹೊತ್ತವು. ನಕಲಿ ಪ್ರತಿ ಇಟ್ಟುಕೊಂಡು ತಪಾಸಣೆಯನ್ನೇ ತಪ್ಪಿಸಿದವರಿಗೆ ಅಂದು ಏನೂ ಆಗಲಿಲ್ಲ.

ಕಂಪನಿಗಳ ಎರಡು ಮನಸ್ಸು

1976ರ ಫೆಬ್ರವರಿ 3ರಂದು ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಕಂಪ್ಯೂಟರ್ ಹೊಂದಿದವರಲ್ಲಿ ಶೇ 10ಕ್ಕಿಂತ ಕಡಿಮೆ ಜನ ಮಾತ್ರ ‘ಬೇಸಿಕ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಮ್ಮ ತಂತ್ರಾಂಶವನ್ನು ಕೊಂಡಿದ್ದಾರೆ, ಉಳಿದವರು ಕದ್ದಿದ್ದಾರೆ, ಹೀಗಾದರೆ ಒಳ್ಳೆಯ ತಂತ್ರಾಂಶವನ್ನು ಯಾರು ಬರೆದಾರು ಎಂಬುದು ಅವರ ದೂರು. ಅದೇ ಗೇಟ್ಸ್ 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಚೀನಾದ ಬಗ್ಗೆ ಮಾತನಾಡುತ್ತ, ಅಲ್ಲಿಯ ಜನ ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅದರ ಅಭ್ಯಾಸ ಹತ್ತಿದ ಮೇಲೆ ಮುಂದಿನ ದಶಕದಲ್ಲಿ ಹಣ ವಸೂಲು ಮಾಡುವ ದಾರಿಯನ್ನು ಕಂಡುಕೊಳ್ಳೋಣ ಎಂಬ ಅರ್ಥದ ಮಾತನ್ನಾಡಿದರು.

ಈ ಎರಡು ಮಾತುಗಳ ನಡುವೆ ದೊಡ್ಡ ಕಂಪನಿಗಳ ವ್ಯಾಪಾರ ನೀತಿ ಅಡಗಿದೆ. ಒಂದು ತಂತ್ರಾಂಶದ ಬೆಲೆ ಅದನ್ನು ಬಲ್ಲವರ ಸಂಖ್ಯೆಯೊಂದಿಗೆ ಏರುತ್ತದೆ. ಕಾಲೇಜಿನಲ್ಲಿ ನಕಲಿ ಪ್ರತಿಯಲ್ಲಿ ವಿನ್ಯಾಸ ಕಲಿತ ವಿದ್ಯಾರ್ಥಿ ಕೆಲಸಕ್ಕೆ ಸೇರಿದಾಗ ಅದೇ ತಂತ್ರಾಂಶವನ್ನು ಕೇಳುತ್ತಾನೆ, ಆಗ ಕಂಪನಿಗೆ ಹಣ ಬರುತ್ತದೆ. ವಿನ್ಯಾಸ ತಂತ್ರಾಂಶ ತಯಾರಿಸುವ ಆಟೋಡೆಸ್ಕ್‌ನಂಥ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ನೀಡುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ಆ್ಯಕ್ಟಿವೇಟ್ ಮಾಡದ ವಿಂಡೋಸ್ ಕೂಡ ಕೆಲಸ ನಿಲ್ಲಿಸುವುದಿಲ್ಲ. ತೆರೆಯ ಬಲಮೂಲೆಯಲ್ಲಿ ಮಸುಕಾದ ಎರಡು ಸಾಲು ಬರಹ ಕಾಣುತ್ತದೆ, ಹಿನ್ನೆಲೆ ಚಿತ್ರ ಬದಲಿಸಲು ಬಿಡುವುದಿಲ್ಲ, ಅಷ್ಟೇ. ಕಂಪ್ಯೂಟರನ್ನೇ ನಿಷ್ಕ್ರಿಯಗೊಳಿಸುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಹಾಗೆ ಮಾಡಿದರೆ ಬಳಕೆದಾರ ಉಚಿತವಾಗಿ ಸಿಗುವ ಲಿನಕ್ಸ್ ಕಡೆಗೆ ಹೊರಳಿಯಾನು ಎಂಬ ಅಂಜಿಕೆ ಕಂಪನಿಯನ್ನು ತಡೆಯುತ್ತಿರಬಹುದು ಎನ್ನಲು ಸಾಕಷ್ಟು ಕಾರಣಗಳಿವೆ. ಆದ್ದರಿಂದ, ಚೌರ್ಯವನ್ನು ಬೇರುಸಹಿತ ಕಿತ್ತುಹಾಕಲು ಮಾರುಕಟ್ಟೆಯ ದೊಡ್ಡ ಆಟಗಾರರಿಗೇ ಪೂರ್ಣ ಮನಸ್ಸಿಲ್ಲ.

ಕಾನೂನಿನ ಉದ್ದ ಮತ್ತು ಅಗಲ

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯ ಮೂಲಕ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೆ ಬಂತು. ಕಾದಂಬರಿಗೆ ಇರುವ ರಕ್ಷಣೆ ಪ್ರೋಗ್ರಾಂಗೂ ದೊರೆಯಿತು. 1994ರ ತಿದ್ದುಪಡಿಯು 63ಬಿ ಎಂಬ ಹೊಸ ಕಲಮನ್ನು ಸೇರಿಸಿತು. ಓದುಗರು ಸರಿಯಾಗಿ ತಿಳಿಯಬೇಕಾದ ಕಲಮು ಇದು. ನಕಲಿ ಪುಸ್ತಕವನ್ನು ಓದುವವನನ್ನು ಕಾನೂನು ಶಿಕ್ಷಿಸುವುದಿಲ್ಲ, ಅಚ್ಚು ಹಾಕಿ ಮಾರಿದವನನ್ನು ಶಿಕ್ಷಿಸುತ್ತದೆ. ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಹಾಗಲ್ಲ. ನಕಲಿ ಎಂದು ತಿಳಿದೂ ಬಳಸುವುದೇ ಅಪರಾಧ. ಶಿಕ್ಷೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷದವರೆಗಿನ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗಿನ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲದಿದ್ದರೆ, ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ ಜೈಲು ಶಿಕ್ಷೆಯನ್ನು ಕೈಬಿಡಲು, 50 ಸಾವಿರದವರೆಗಿನ ದಂಡವನ್ನಷ್ಟೇ ವಿಧಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಮನೆಯ ಬಳಕೆದಾರನಿಗೂ ಕಚೇರಿಯ ಮಾಲೀಕನಿಗೂ ಕಾನೂನು ಇಟ್ಟಿರುವ ಅಂತರ ಇಷ್ಟು. 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಒಡೆಯುವುದಕ್ಕೂ ಎರಡು ವರ್ಷದವರೆಗೆ ಸೆರೆವಾಸವಿದೆ. ಇನ್ನೊಂದೆಡೆ, ಕಾನೂನುಬದ್ಧವಾಗಿ ಪಡೆದ ಪ್ರತಿಯ ಸುರಕ್ಷತೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದನ್ನು 52ನೇ ಕಲಮು ಸ್ಪಷ್ಟವಾಗಿ ಅನುಮತಿಸುತ್ತದೆ.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಿಟ್ ಪ್ರೊ ಪ್ರಕರಣದಲ್ಲಿ, 63ನೇ ಕಲಮಿನ ಅಡಿಯ ಕೃತಿಸ್ವಾಮ್ಯ ಉಲ್ಲಂಘನೆಯು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು ಹೇಳಿತು. ಗರಿಷ್ಠ ಶಿಕ್ಷೆ ಅಷ್ಟೇ ಇರುವ 63ಬಿಗೂ ಅದೇ ತರ್ಕ ಅನ್ವಯಿಸುವ ಸಂಭವವಿದೆ. ಕರ್ನಾಟಕದಲ್ಲಿ ಕಾನೂನು ಇನ್ನೂ ಕಠಿಣ. ‘ಗೂಂಡಾ ಕಾಯ್ದೆ’ ಎಂದೇ ಹೆಸರಾದ 1985ರ ಶಾಸನಕ್ಕೆ 2014ರಲ್ಲಿ ತಂದ ತಿದ್ದುಪಡಿಯು ‘ಡಿಜಿಟಲ್ ಅಪರಾಧಿ’ ಎಂಬ ವರ್ಗವನ್ನು ಸೇರಿಸಿ, ವಾಣಿಜ್ಯ ಉದ್ದೇಶಕ್ಕಾಗಿ ತಂತ್ರಾಂಶವೂ ಸೇರಿದಂತೆ ಯಾವುದೇ ಕೃತಿಸ್ವಾಮ್ಯವನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸುವವರನ್ನು ಅದರ ವ್ಯಾಪ್ತಿಗೆ ತಂದಿತು. ಆ ಕಾಯ್ದೆಯ ಅಡಿಯಲ್ಲಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಮುಂಜಾಗ್ರತೆಯ ಬಂಧನ ಸಾಧ್ಯ. ಸಾರಾಯಿ ದಂಧೆಯವರಿಗಾಗಿ, ರೌಡಿಗಳಿಗಾಗಿ ರೂಪಿಸಿದ ಅಸ್ತ್ರವನ್ನು ಸಿವಿಲ್ ದಾವೆಯಲ್ಲಿ ಬಗೆಹರಿಯಬಹುದಾದ ವಿಷಯಕ್ಕೆ ಬಳಸುವುದು ಅತಿಯಾಯಿತು ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಇಷ್ಟೆಲ್ಲ ಕಠಿಣ ಪದಗಳಿದ್ದರೂ ಮನೆಬಾಗಿಲಿಗೆ ಪೊಲೀಸರು ಬರುವುದು ಅಪರೂಪ. ಲಕ್ಷಾಂತರ ಮನೆಗಳನ್ನು ತಪಾಸಣೆ ಮಾಡುವ ಸಿಬ್ಬಂದಿ ಯಾವ ಠಾಣೆಯಲ್ಲೂ ಇಲ್ಲ. ಕಂಪನಿಗಳು ತಮ್ಮ ಶಕ್ತಿಯನ್ನು ಹಣ ವಸೂಲಾಗುವ ಕಡೆಗೆ ತಿರುಗಿಸುತ್ತವೆ. ಅವುಗಳ ವಾಡಿಕೆಯ ದಾರಿ ದೆಹಲಿ ಹೈಕೋರ್ಟ್. ಎದುರು ಪಕ್ಷಕ್ಕೆ ಸೂಚನೆ ಕೊಡದೆ ನ್ಯಾಯಾಲಯದ ಪರವಾಗಿ ಕಮಿಷನರ್ ಒಬ್ಬರನ್ನು ನೇಮಿಸಿ, ಕಚೇರಿಗೆ ಹಠಾತ್ತನೆ ಭೇಟಿ ಕೊಟ್ಟು ಕಂಪ್ಯೂಟರ್‌ಗಳನ್ನು ಪರಿಶೀಲಿಸುವ ಆದೇಶವನ್ನು ಅವು ಪಡೆಯುತ್ತವೆ. ಸುಳಿವು ಸಿಕ್ಕರೆ ಕ್ಷಣಮಾತ್ರದಲ್ಲಿ ಸಾಕ್ಷ್ಯವನ್ನು ಅಳಿಸಿಹಾಕಬಹುದು ಎಂಬುದು ಇದಕ್ಕೆ ಕೊಡುವ ಕಾರಣ. ಇಂಥ ಭೇಟಿಗಳಿಗೆ ಸಂಬಂಧಿಸಿದ ಮಾರ್ಗಸೂಚಿಯನ್ನು ಅದೇ ನ್ಯಾಯಾಲಯದ ವಿಭಾಗೀಯ ಪೀಠ 2008ರಲ್ಲಿ ಆಟೋಡೆಸ್ಕ್ ಪ್ರಕರಣದಲ್ಲಿ ನೀಡಿತು. ವಿನ್ಯಾಸ ಕಚೇರಿ, ಎಂಜಿನಿಯರಿಂಗ್ ಸಂಸ್ಥೆ, ಮುದ್ರಣಾಲಯ ನಡೆಸುವವರಿಗೆ ಇರುವ ಕಾನೂನಿನ ಅಪಾಯ ಈ ಬಗೆಯದು. ಇಂಥ ಪ್ರಕರಣಗಳಲ್ಲಿ ಪರವಾನಗಿ ಕೊಂಡು, ಪರಿಹಾರ ಕೊಟ್ಟು ರಾಜಿಯಾಗುವ ದಾರಿಯೂ ತೆರೆದಿರುತ್ತದೆ.

ನಷ್ಟದ ಅಂಕಿಗಳನ್ನು ಓದುವುದು ಹೇಗೆ

ಪರವಾನಗಿ ಇಲ್ಲದ ತಂತ್ರಾಂಶದ ಕುರಿತು ಪತ್ರಿಕೆಗಳಲ್ಲಿ ಬರುವ ಅಂಕಿಅಂಶಗಳ ಮೂಲ ಹೆಚ್ಚಾಗಿ ಬಿಎಸ್ಎ ಎಂಬ ತಂತ್ರಾಂಶ ಕಂಪನಿಗಳ ಒಕ್ಕೂಟ. ಅದು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 2017ರಲ್ಲಿ ಜಗತ್ತಿನ ಕಂಪ್ಯೂಟರ್‌ಗಳಲ್ಲಿದ್ದ ತಂತ್ರಾಂಶದ ಶೇ 37ರಷ್ಟಕ್ಕೆ ಪರವಾನಗಿ ಇರಲಿಲ್ಲ. ಭಾರತದಲ್ಲಿ ಈ ಪ್ರಮಾಣ ಶೇ 56, ಚೀನಾದಲ್ಲಿ ಶೇ 66, ಅಮೆರಿಕದಲ್ಲಿ ಶೇ 15. ಭಾರತದಲ್ಲಿ 2011ರಲ್ಲಿ ಶೇ 63 ಇತ್ತು ಎಂದು ಅದೇ ಒಕ್ಕೂಟ ಹೇಳಿತ್ತು. ಇಳಿಕೆ ಇದೆ, ಆದರೆ ನಿಧಾನ.

ಪ್ರಮಾಣವನ್ನು ಒಪ್ಪಿದರೂ ಅದನ್ನು ಹಣಕ್ಕೆ ಪರಿವರ್ತಿಸುವ ಲೆಕ್ಕದಲ್ಲಿ ಎಚ್ಚರ ಬೇಕು. ನಕಲಿ ಪ್ರತಿಗಳ ಸಂಖ್ಯೆಯನ್ನು ಮಾರುಕಟ್ಟೆಯ ಬೆಲೆಯಿಂದ ಗುಣಿಸಿದರೆ ಭಾರಿ ಮೊತ್ತ ಬರುತ್ತದೆ. ಆದರೆ ಲಕ್ಷ ರೂಪಾಯಿಯ ವಿನ್ಯಾಸ ತಂತ್ರಾಂಶವನ್ನು ನಕಲಿಯಾಗಿ ಹಾಕಿಕೊಂಡ ವಿದ್ಯಾರ್ಥಿ, ನಕಲಿ ಸಿಗದಿದ್ದರೆ ಲಕ್ಷ ಕೊಟ್ಟು ಕೊಳ್ಳುತ್ತಿದ್ದನೇ? ಕೊಳ್ಳುತ್ತಿರಲಿಲ್ಲ. ಬಿಎಸ್ಎ ಕೂಡ ಹಿಂದೆ ಬಳಸುತ್ತಿದ್ದ ‘ನಷ್ಟ’ ಎಂಬ ಪದವನ್ನು ಕೈಬಿಟ್ಟು ‘ವಾಣಿಜ್ಯ ಮೌಲ್ಯ’ ಎಂದು ಬರೆಯತೊಡಗಿತು. ನಕಲಿ ಮತ್ತು ಚೌರ್ಯದಿಂದಾಗುವ ನಷ್ಟದ ಕುರಿತು ಚಲಾವಣೆಯಲ್ಲಿದ್ದ ಕೆಲವು ಅಂದಾಜುಗಳಿಗೆ ಆಧಾರ ಸಿಗುವುದಿಲ್ಲ ಎಂದು ಅಮೆರಿಕದ ಸರ್ಕಾರಿ ಉತ್ತರದಾಯಿತ್ವ ಕಚೇರಿಯೇ 2010ರ ವರದಿಯಲ್ಲಿ ಹೇಳಿತ್ತು.

ಉಚಿತವಾಗಿ ಸಿಕ್ಕಿದ್ದು ಕೇಳುವ ಶುಲ್ಕ

ಹಾಗಾದರೆ ನಕಲಿ ತಂತ್ರಾಂಶದಿಂದ ಯಾರಿಗೂ ನಷ್ಟವಿಲ್ಲವೇ? ಇದೆ, ಅದರ ಮೊದಲ ಕಂತನ್ನು ತೆರುವವನು ಬಳಸುವವನೇ. ಕ್ರ್ಯಾಕ್ ಮಾಡಿದ ತಂತ್ರಾಂಶದ ಕಡತದೊಂದಿಗೆ ಬರುವ ಸೂಚನಾಪಟ್ಟಿಯನ್ನು ಒಮ್ಮೆ ಗಮನಿಸಬೇಕು. ಬಹುತೇಕ ಸಂದರ್ಭಗಳಲ್ಲಿ ಅದರ ಮೊದಲ ಸಾಲುಗಳಲ್ಲೇ ಆ್ಯಂಟಿವೈರಸ್ ನಿಲ್ಲಿಸಿ ಎಂದಿರುತ್ತದೆ. ಆಮೇಲೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು ಓಡಿಸಿ ಎನ್ನುತ್ತದೆ. ಅಪರಿಚಿತನೊಬ್ಬನಿಗಾಗಿ ಕಾವಲುಗಾರನನ್ನು ಮನೆಗೆ ಕಳಿಸಿ, ಬೀರುವಿನ ಕೈಯನ್ನೂ ಅವನಿಗೇ ಒಪ್ಪಿಸುವ ಕೆಲಸವಿದು. ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕೆಎಂಎಸ್‌ಪಿಕೊ ಎಂಬ ಹೆಸರಾಂತ ಸಾಧನದ ವೇಷದಲ್ಲಿ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕ್ರಿಪ್ಟೋ ವ್ಯಾಲೆಟ್‌ಗಳ ಮಾಹಿತಿಯನ್ನೂ ಕದಿಯುವ ಕುತಂತ್ರಾಂಶ ಹರಡುತ್ತಿರುವುದನ್ನು ಸೈಬರ್ ಭದ್ರತಾ ಸಂಸ್ಥೆ ರೆಡ್ ಕ್ಯಾನರಿ 2021ರ ಡಿಸೆಂಬರ್‌ನಲ್ಲಿ ವಿವರಿಸಿತ್ತು. 2011ರಲ್ಲಿ ಮೈಕ್ರೋಸಾಫ್ಟ್‌ನ ತನಿಖಾ ತಂಡ ಚೀನಾದ ವಿವಿಧ ಅಂಗಡಿಗಳಿಂದ 20 ಹೊಸ ಕಂಪ್ಯೂಟರ್‌ಗಳನ್ನು ಕೊಂಡು ನೋಡಿದಾಗ ನಾಲ್ಕರಲ್ಲಿ ನಕಲಿ ವಿಂಡೋಸ್ ಜೊತೆಗೇ ಕುತಂತ್ರಾಂಶವೂ ಸೇರಿತ್ತು. ಪೆಟ್ಟಿಗೆ ತೆರೆಯುವ ಮೊದಲೇ ಅವು ರೋಗಗ್ರಸ್ತವಾಗಿದ್ದವು.

ಎರಡನೆಯ ಕಂತು ಇನ್ನೂ ಸೂಕ್ಷ್ಮ. ಪರವಾನಗಿ ಇಲ್ಲದ ವಿಂಡೋಸ್‌ಗೂ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್‌ಗಳನ್ನು ಕೊಡುತ್ತ ಬಂದಿದೆ. ರೋಗ ತಗುಲಿದ ಒಂದು ಯಂತ್ರ ಅಸಲಿ ಯಂತ್ರಗಳಿಗೂ ರೋಗ ಹರಡುತ್ತದೆ ಎಂಬ ಅರಿವು ಇದರ ಹಿಂದಿದೆ. ಅಪ್‌ಡೇಟ್ ನಿಲ್ಲಿಸುವವರು ನಾವೇ, ಅಥವಾ ನಮ್ಮ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಕೊಡುವವರು. ಅಪ್‌ಡೇಟ್ ಆದರೆ ಕ್ರ್ಯಾಕ್ ಕೆಟ್ಟುಹೋದೀತು, ಗಿರಾಕಿ ಮರುದಿನವೇ ದೂರು ಹೊತ್ತು ಬಂದಾನು ಎಂಬ ಭಯದಿಂದ ಅದನ್ನು ಶಾಶ್ವತವಾಗಿ ಮುಚ್ಚಿಬಿಡುತ್ತಾರೆ. ಹೀಗೆ ಸಣ್ಣದೊಂದು ಅನುಕೂಲಕ್ಕಾಗಿ ಮಾಡಿದ ಕೆಲಸ ದೊಡ್ಡ ಅನಾಹುತಕ್ಕೆ ದಾರಿಯಾಗುತ್ತದೆ. 2017ರ ಮೇ 12ರಂದು ವಾನಾಕ್ರೈ ದಾಳಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳನ್ನು ಒತ್ತೆಯಿಟ್ಟುಕೊಂಡಾಗ, ಅದು ನುಸುಳಿದ ರಂಧ್ರವನ್ನು ಮುಚ್ಚುವ ಪ್ಯಾಚ್ ಬಂದು ಎರಡು ತಿಂಗಳಾಗಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಈ ಅಪಾಯ, ವಿಸ್ತರಿತ ಯೋಜನೆಗೆ ಸೇರದ ಅಸಲಿ ಬಳಕೆದಾರರಿಗೂ ಬರುತ್ತದೆ. ಕ್ರ್ಯಾಕ್ ಬಳಸುವವರು ಅದನ್ನು ವರ್ಷಗಳಿಂದ ಅರಿವಿಲ್ಲದೆ ಹೊತ್ತಿದ್ದಾರೆ.

ಟ್ಯಾಲಿಯಿಂದ ಕಲಿಯಬಹುದಾದದ್ದು

ಬೀಗವೂ ಪೊಲೀಸರೂ ಮಾಡಲಾಗದ ಕೆಲಸವನ್ನು ಬೇರೊಂದು ಬಗೆಯಲ್ಲಿ ಸಾಧಿಸಬಹುದೇ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 1986ರಲ್ಲಿ ಆರಂಭವಾದ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ ಭಾರತದ ಅಂಗಡಿ, ಮಂಡಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಮನೆಮಾತು. ಅದರ ಕ್ರ್ಯಾಕ್ ಪ್ರತಿಗಳೂ ವ್ಯಾಪಾರಿ ವಲಯಕ್ಕೆ ಹೊಸವೇನಲ್ಲ. ಲೆಕ್ಕ ಬರೆಯುವುದಷ್ಟೇ ಕೆಲಸವಾಗಿದ್ದ ಕಾಲದಲ್ಲಿ ಹತ್ತು ವರ್ಷ ಹಳೆಯ ನಕಲಿ ಪ್ರತಿಯೂ ಸಾಕಾಗುತ್ತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಈ ಸಮೀಕರಣ ಬದಲಾಯಿತು. ಹೊಸ ತೆರಿಗೆ ದರಗಳು, ಸರಕುಗಳನ್ನು ವರ್ಗೀಕರಿಸುವ ಎಚ್‌ಎಸ್‌ಎನ್ ಸಂಕೇತಗಳು, ತಿಂಗಳು ತಿಂಗಳು ಸಲ್ಲಿಸಬೇಕಾದ ವಿವರಗಳು ಬಂದವು. ಅವುಗಳ ನಮೂನೆಗಳು ಪದೇ ಪದೇ ಬದಲಾದವು. ಹಳೆಯ ಪ್ರತಿಗೆ ಇದಾವುದೂ ತಿಳಿದಿರಲಿಲ್ಲ. ಆಮೇಲೆ ಇ-ಇನ್‌ವಾಯ್ಸ್ ಬಂದು, ತಂತ್ರಾಂಶ ಸರ್ಕಾರದ ಪೋರ್ಟಲ್‌ನೊಂದಿಗೆ ಮಾತಾಡಬೇಕಾಯಿತು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡು ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಅನ್ವಯವಾಯಿತು. ಒಂದು ದಿನದ ಮಟ್ಟಿಗೆ ಕದಿಯಬಹುದಾದ ವಸ್ತು, ವರ್ಷವಿಡೀ ಹರಿದು ಬರುವ ಸೇವೆಯಾಗಿ ಮಾರ್ಪಟ್ಟಿತು. ಇಂದಿನ ಟ್ಯಾಲಿಯನ್ನು ಒಡೆದರೂ ಬರುವ ತಿಂಗಳ ತಿದ್ದುಪಡಿಯನ್ನು ಇಂದೇ ಒಡೆಯಲು ಬರುವುದಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನ ತಂತ್ರಾಂಶ ಕೈಕೊಟ್ಟರೆ ತೆರಬೇಕಾದ ವಿಳಂಬ ಶುಲ್ಕದ ಮುಂದೆ ಪರವಾನಗಿಯ ನವೀಕರಣ ವೆಚ್ಚ ದೊಡ್ಡದಾಗಿ ಕಾಣುವುದಿಲ್ಲ. ನಕಲಿ ಪ್ರತಿಗಳು ಇದರಿಂದ ಮಾಯವಾಗಿಲ್ಲ. ಆದರೆ ಅವುಗಳ ಉಪಯುಕ್ತತೆ ಕುಗ್ಗಿದೆ. ಚೌರ್ಯ ಕಡಿಮೆಯಾಗುವುದು ಅಸಲಿಗೆ ಮಾತ್ರ ಸಾಧ್ಯವಾಗುವ ಏನಾದರೂ ಇದ್ದಾಗ ಎಂಬುದು ಇಲ್ಲಿ ಕಾಣುವ ಸಂಗತಿ.

ಬಾಡಿಗೆ ಪದ್ಧತಿಯ ಇನ್ನೊಂದು ಮುಖ

ಇದೇ ತತ್ವವನ್ನು ಜಾಗತಿಕ ಕಂಪನಿಗಳು ಚಂದಾ ಪದ್ಧತಿಯಾಗಿ ಅಳವಡಿಸಿಕೊಂಡವು. ಅಡೋಬಿ 2013ರ ಮೇ ತಿಂಗಳಲ್ಲಿ, ಮುಂದೆ ಫೋಟೋಶಾಪ್ ಮುಂತಾದ ತಂತ್ರಾಂಶಗಳ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಘೋಷಿಸಿತು. ತಂತ್ರಾಂಶ ಪೂರ್ತಿಯಾಗಿ ಕಂಪನಿಯ ಸರ್ವರ್‌ನಲ್ಲೇ ಓಡುವುದಾದರೆ ಬಳಕೆದಾರನ ಬಳಿ ನಕಲು ಮಾಡಲು ಏನೂ ಉಳಿಯುವುದಿಲ್ಲ. ತಯಾರಕರ ದೃಷ್ಟಿಯಿಂದ ಇದು ಈವರೆಗಿನ ಅತ್ಯಂತ ಗಟ್ಟಿಯಾದ ಬೀಗ.

ಆದರೆ ಆ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆ 2025ರ ಜುಲೈಯಲ್ಲಿ ಭಾರತದಲ್ಲೇ ಎದ್ದಿತು. ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ ಅದಕ್ಕೆ ಮೈಕ್ರೋಸಾಫ್ಟ್‌ನ ಸೇವೆಗಳು ನಿಂತುಹೋದವು. ಹಣ ಕೊಟ್ಟು ಪಡೆದ ಸೇವೆಗಳು ಅವು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಅವು ಮರಳಿದವು. ಪೂರ್ತಿ ಪರವಾನಗಿ ಹೊಂದಿದ ದೊಡ್ಡ ಸಂಸ್ಥೆಗೇ ಹೀಗಾಗಬಹುದಾದರೆ, ತಿಂಗಳ ಕಂತು ತಪ್ಪಿದ ಸಣ್ಣ ಸ್ಟುಡಿಯೋ ತನ್ನದೇ ಹಳೆಯ ವಿನ್ಯಾಸಗಳನ್ನು ತೆರೆಯಲಾಗದೆ ಕೂರುವುದರಲ್ಲಿ ಆಶ್ಚರ್ಯವಿಲ್ಲ. ಮುಕ್ತ ತಂತ್ರಾಂಶದ ಪರ ಇರುವವರು ದಶಕಗಳಿಂದ ಎಚ್ಚರಿಸುತ್ತಿರುವುದು ಇದನ್ನೇ. ಅವರ ಪ್ರಕಾರ ನಕಲು ಮಾಡುವ, ಹಂಚುವ, ತಿದ್ದುವ ಹಕ್ಕು ಬಳಕೆದಾರನಿಗೇ ಇದ್ದರೆ ಚೌರ್ಯ ಎಂಬ ಮಾತೇ ಹುಟ್ಟುವುದಿಲ್ಲ. ನೆರೆಯ ಕೇರಳ ತನ್ನ ಶಾಲೆಗಳ ಐಟಿ ಶಿಕ್ಷಣವನ್ನು ಮುಕ್ತ ತಂತ್ರಾಂಶದ ಮೇಲೆ ಕಟ್ಟಿಕೊಂಡು, ಸಾವಿರಾರು ಪರವಾನಗಿಗಳ ಖರ್ಚನ್ನೂ ಚೌರ್ಯದ ಪ್ರಶ್ನೆಯನ್ನೂ ಒಟ್ಟಿಗೆ ನಿವಾರಿಸಿಕೊಂಡಿದೆ.

ಕನ್ನಡದ ಸಣ್ಣ ತಯಾರಕ, ಕನ್ನಡದ ಡಿಟಿಪಿ

ದೊಡ್ಡ ಕಂಪನಿ ಚೌರ್ಯವನ್ನು ತಾಳಿಕೊಳ್ಳಬಲ್ಲದು, ಕೆಲವೊಮ್ಮೆ ಅದರಿಂದ ಬೆಳೆಯಲೂ ಬಲ್ಲದು. ಕನ್ನಡಕ್ಕಾಗಿ ಫಾಂಟ್, ಕಾಗುಣಿತ ತಪಾಸಕ, ನಿಘಂಟು, ಮಕ್ಕಳ ಕಲಿಕೆಯ ಆ್ಯಪ್ ಮಾಡುವ ಒಬ್ಬಿಬ್ಬರ ತಂಡಕ್ಕೆ ಆ ತ್ರಾಣವಿಲ್ಲ. ಅವರ ಮಾರುಕಟ್ಟೆ ಮೊದಲೇ ಚಿಕ್ಕದು. ದೆಹಲಿ ಹೈಕೋರ್ಟ್‌ನಿಂದ ಕಮಿಷನರ್ ಕಳಿಸುವಷ್ಟು ಹಣ ಅವರಲ್ಲಿಲ್ಲ, ಪ್ರತಿ ತಿಂಗಳೂ ಬದಲಾಗುವ ತೆರಿಗೆ ನಿಯಮವೂ ಅವರ ನೆರವಿಗೆ ಬರುವುದಿಲ್ಲ. ಫಾಂಟ್ ಕೂಡ ಒಂದು ತಂತ್ರಾಂಶವೇ, ಒಂದೊಂದು ಒತ್ತಕ್ಷರವನ್ನೂ ಯಾರೋ ತಿಂಗಳುಗಟ್ಟಲೆ ಕೂತು ತಿದ್ದಿ ಕೂರಿಸಿರುತ್ತಾರೆ ಎಂಬುದು ಅದನ್ನು ಪೆನ್ ಡ್ರೈವ್‌ನಲ್ಲಿ ಹಂಚಿಕೊಳ್ಳುವವರಿಗೆ ಹೊಳೆಯುವುದಿಲ್ಲ. 1998ರಲ್ಲಿ ಉಚಿತವಾಗಿ ಬಂದ ‘ಬರಹ’, ಆಮೇಲೆ ರಾಜ್ಯ ಸರ್ಕಾರದ ಬೆಂಬಲದಿಂದ ಉಚಿತವಾಗಿ ಹಂಚಿಕೆಯಾದ ‘ನುಡಿ’ ಕನ್ನಡವನ್ನು ಕಂಪ್ಯೂಟರಿಗೆ ತಂದ ಮಹತ್ವದ ಕೆಲಸ ಮಾಡಿದವು. ಅವುಗಳ ಉಪಕಾರವನ್ನು ಮರೆಯುವಂತಿಲ್ಲ. ಜೊತೆಗೇ, ಕನ್ನಡದ ತಂತ್ರಾಂಶ ಎಂದರೆ ಪುಕ್ಕಟೆ ಎಂಬ ಭಾವನೆಯೂ ಬೇರೂರಿತು. ಅದರ ಪರಿಣಾಮವಾಗಿ, ಒಳ್ಳೆಯದೊಂದನ್ನು ಮಾಡಿ ಅದರಿಂದಲೇ ಬದುಕುತ್ತೇನೆ ಎನ್ನುವವರು ಈ ಕ್ಷೇತ್ರದಲ್ಲಿ ನೆಲೆನಿಲ್ಲುವುದು ಕಷ್ಟವಾಗಿದೆ.

ಜಿಲ್ಲಾ ಕೇಂದ್ರದ ಒಂದು ಡಿಟಿಪಿ ಅಂಗಡಿಯಲ್ಲಿ ಈ ಎಲ್ಲ ಎಳೆಗಳು ಒಂದೇ ಮೇಜಿನ ಮೇಲೆ ಸೇರುತ್ತವೆ. ಲಗ್ನಪತ್ರಿಕೆ, ಸ್ಮರಣಸಂಚಿಕೆ, ಪುಸ್ತಕಗಳ ಕೆಲಸ ಇಂದಿಗೂ ಅನೇಕ ಕಡೆ ನಡೆಯುವುದು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿತು. ಅಂಗಡಿಯವನು ಪ್ರಾಮಾಣಿಕನಾಗಲು ಹೊರಟರೂ ಹೊಸ ಪರವಾನಗಿಯನ್ನು ಮಾರುವವರಿಲ್ಲ. ಅದನ್ನು ಬಿಟ್ಟು ಬೇರೆಡೆ ಹೋಗೋಣ ಎಂದರೆ ಭಾಷೆಯೇ ಅಡ್ಡ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ ಪೇಜ್‌ಮೇಕರ್‌ಗೆ ತಿಳಿಯದು. ಆದ್ದರಿಂದ ಇಪ್ಪತ್ತು ವರ್ಷಗಳ ಕನ್ನಡ ಕಡತಗಳೆಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಹೊದಿಸಿದ ಹಳೆಯ ಫಾಂಟ್‌ಗಳಲ್ಲಿ ಕುಳಿತಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹಳೆಯ ಪೇಜ್‌ಮೇಕರ್ ಓಡಲು ಹಳೆಯ ವಿಂಡೋಸ್ ಬೇಕು ಎಂಬ ನಂಬಿಕೆಯಿಂದ ಆ ಯಂತ್ರವನ್ನು ಮುಟ್ಟದೆ ಬಿಟ್ಟಿರುತ್ತಾರೆ, ಅಪ್‌ಡೇಟ್ ಮುಚ್ಚಿರುತ್ತದೆ, ಗಿರಾಕಿಗಳ ಪೆನ್ ಡ್ರೈವ್‌ಗಳು ದಿನವಿಡೀ ಅದಕ್ಕೆ ಬಂದು ಹೋಗುತ್ತಿರುತ್ತವೆ.

ಈ ಅಂಗಡಿಗೆ ಹೋಗಿ ಕಾನೂನಿನ ಕಲಮು ಓದಿ ಹೇಳಿದರೆ ಪ್ರಯೋಜನವಾಗದು. ಬದಲಿ ದಾರಿ ಇಲ್ಲವೆಂದಲ್ಲ. ಯೂನಿಕೋಡ್ ಕನ್ನಡವನ್ನು ಅಡೋಬಿಯ ಪುಟವಿನ್ಯಾಸ ತಂತ್ರಾಂಶವಾದ ಇಂಡಿಸೈನ್ ಈಗ ಸರಿಯಾಗಿ ಕೂರಿಸುತ್ತದೆ. ಚಂದಾ ಹೊರೆಯೆನಿಸಿದರೆ, 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6 ಎಂಬ ಮುಕ್ತ ತಂತ್ರಾಂಶವೂ ಭಾರತೀಯ ಲಿಪಿಗಳನ್ನು ಜೋಡಿಸಬಲ್ಲದು. ಯೂನಿಕೋಡ್ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಹಳೆಯ ನುಡಿ, ಬರಹ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ತಂತ್ರಜ್ಞರೇ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಉಳಿದಿರುವುದು ಶ್ರಮದ ಕೆಲಸ. ಸಾವಿರಾರು ಪುಟಗಳನ್ನು ಪರಿವರ್ತಿಸಬೇಕು, ಅರ್ಕಾವೊತ್ತು, ಒತ್ತಕ್ಷರಗಳು ತಪ್ಪಿದ ಕಡೆ ಕಣ್ಣಿಟ್ಟು ತಿದ್ದಬೇಕು, ಕೈಗೆ ಒಗ್ಗಿಹೋದ ಕೀಲಿಗಳನ್ನು ಬಿಟ್ಟು ಹೊಸದನ್ನು ಕಲಿಯಬೇಕು. ಪೇಜ್‌ಮೇಕರ್ ಕಡತವನ್ನೇ ಕೇಳುವ ಮುದ್ರಕ, ಪಿಡಿಎಫ್ ಸಾಕೆಂದು ಒಪ್ಪಬೇಕು. ದಿನದ ಕೆಲಸದಿಂದಲೇ ಮನೆ ನಡೆಸುವವರಿಗೆ ಈ ಬಿಡುವನ್ನು ಯಾರು ಕೊಡುತ್ತಾರೆ? ಮುದ್ರಕರ ಸಂಘಗಳು, ಸಗಟು ಖರೀದಿಗೆ ಪುಸ್ತಕ ಆರಿಸುವ ಇಲಾಖೆಗಳು, ಅಕಾಡೆಮಿಗಳು ಯೂನಿಕೋಡ್ ಕಡತವನ್ನೇ ಕೇಳತೊಡಗಿದರೆ, ಜೊತೆಗೆ ನಾಲ್ಕು ದಿನದ ತರಬೇತಿಯ ಖರ್ಚನ್ನು ವಹಿಸಿಕೊಂಡರೆ, ವಿಂಡೋಸ್ 10ರ ವಿಸ್ತರಿತ ಭದ್ರತೆ ಮುಗಿಯುವ 2026ರ ಅಕ್ಟೋಬರ್ ಒಳಗೆ ಅನೇಕ ಅಂಗಡಿಗಳು ಆ ಹಳೆಯ ಯಂತ್ರವನ್ನು ಬಿಟ್ಟು ಬರಬಹುದು. ಪರವಾನಗಿಯ ಮಾತು ಆಮೇಲಿನದು. ಮೊದಲು ಬಿಡುಗಡೆಯಾಗಬೇಕಾದದ್ದು ಕಡತಗಳು.